ಹಿರಿಯಣ್ಣನ ತಲೆಯ ಮೇಲೊಂದು ಜಾಗ

ತೇಲೂರು, ಕಡಲ ಮೇಲಿಂದ
ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂಬತ್ತು, ಕಾರ್ತಿಕದ ಮೂವತ್ತೈದನೆಯ ದಿನ

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಚಹಾದ ಬಸಿಯಲ್ಲಿ ಇಟ್ಟುಕೊಂಡು ಕೂತಿರುವ ಪೂರ್ವಿಕರಿಗೆ,

ತಾರೀಖು ನೋಡಿ, ಬರೆದವನಿಗೆ ಜ್ವರ ಎಂದುಕೊಳ್ಳಬೇಡಿ. ನಮ್ಮೂರಿನಲ್ಲಿ ಗಾಳಿ ನಿಂತ ಮೇಲೆಯೇ ತಿಂಗಳು ಮುಗಿಯುವುದು. ಈ ಸಲದ ಗಾಳಿಗೆ ಮುಗಿಸುವ ಮನಸ್ಸೇ ಇಲ್ಲ. ನನ್ನ ಕನ್ನಡಕ್ಕೂ ಒಂದಿಷ್ಟು ಉಪ್ಪುನೀರು ಹೊಕ್ಕಿದೆ, ಕ್ಷಮಿಸಿ. ನೀವು ಗ್ರಾಫಿಕ್ಸ್ ಕಾರ್ಡ್ ಎನ್ನುವುದನ್ನು ನಾವು ಕಣ್ಣಣ್ಣ ಎನ್ನುತ್ತೇವೆ. ಸೌಂಡ್ ಕಾರ್ಡು ನಮಗೆ ದನಿತಂಗಿ. ಇಷ್ಟು ಗೊತ್ತಿದ್ದರೆ ಉಳಿದದ್ದು ತೇಲಿಕೊಂಡು ಬರುತ್ತದೆ.

ನಮ್ಮ ಮನೆಗಳೆಲ್ಲ ತೆಪ್ಪದ ಮೇಲಿವೆ. ಒಂದಕ್ಕೊಂದು ಹಗ್ಗ ಕಟ್ಟಿಕೊಂಡು, ಜಗಳವಾಡಿದರೂ ದೂರ ಹೋಗಲಾಗದ ಸಂಸಾರದಂತೆ ಇದ್ದೇವೆ. ಅಲೆ ಎದ್ದಾಗ ಯಾವ ಹಗ್ಗ ಸಡಿಲಿಸಬೇಕು, ಯಾವುದನ್ನು ಬಿಗಿಯಬೇಕು ಎಂದು ಲೆಕ್ಕ ಹಾಕಿ ಹೇಳುವವರು, ಊರಿನ ಕಂಪ್ಯೂಟರ್ ಇಟ್ಟಿರುವ ಪೆಟ್ಟಿಗೆಮನೆಯ ಮೂವರು ಕಣ್ಣಣ್ಣಂದಿರು. ಲೆಕ್ಕ ತಪ್ಪಿದರೆ ಶಾಲೆಯ ತೆಪ್ಪ ಮೀನುಪೇಟೆಗೆ ಡಿಕ್ಕಿ. ನಿಮ್ಮ ಕಾಲದಲ್ಲಿ ಇವರು ಹಗಲೆಲ್ಲ ಆಟವಾಡಿಕೊಂಡಿದ್ದರಂತೆ. ನಮ್ಮಲ್ಲಿಗೆ ಬಂದ ಮೇಲೆ ನೌಕರಿ ಹಿಡಿದು ಮರ್ಯಾದಸ್ಥರಾದರು. ಪೆಟ್ಟಿಗೆಮನೆ ನೋಡಿಕೊಳ್ಳುವ ಜಟ್ಟಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾನೆ. ಫ್ಯಾನು ಜೋರಾದರೆ "ಹಿರಿಯಣ್ಣನವರಿಗೆ ಇವತ್ತು ಸೆಕೆ" ಎಂದು ಹೊರಗೆ ಬಂದು ಸಾರುತ್ತಾನೆ.

ನನ್ನ ದೊಡ್ಡಮ್ಮ ಮಾಸ್ತಮ್ಮನ ಕಿವಿ ಈ ವರ್ಷ ಬೇಗ ಬೇಗ ಮಂಕಾಗುತ್ತ ಬಂತು. ಗಾಳಿ ತಿಂಗಳು ಮುಗಿಯುವಷ್ಟರಲ್ಲಿ ಪೂರ್ತಿ ಹೋಗಬಹುದೆಂದು ವೈದ್ಯೆ ಹೇಳಿದಳು. ದೊಡ್ಡಮ್ಮನಿಗೆ ಒಂದೇ ಆಸೆ: ಅಷ್ಟರೊಳಗೆ ತನ್ನ ಅಮ್ಮನ ದನಿ ಒಮ್ಮೆ ಕೇಳಬೇಕು. ದನಿ ಪೆಟ್ಟಿಗೆಯಲ್ಲೇ ಇತ್ತು. ಆದರೆ ಅದನ್ನು ಹಿಡಿದಿಟ್ಟ ತಂತ್ರಾಂಶ ಮಹಾ ಪತಿವ್ರತೆ, ತನ್ನ ಹಳೆಯ ದನಿತಂಗಿಯನ್ನು ಎದುರಿಗೆ ಕಂಡರೆ ಮಾತ್ರ ಬಾಯಿ ಬಿಡುವಂಥದ್ದು. ದನಿತಂಗಿಯೂ ಬಟ್ಟೆ ಸುತ್ತಿ ಜೋಪಾನವಾಗಿದ್ದಳು. ಇಲ್ಲದ್ದು ಅವಳಿಗೆ ಕೂರಲು ಜಾಗ. ಕಣ್ಣಣ್ಣಂದಿರು ಒಂದು ಟಿಕೆಟಿಗೆ ಎರಡು ಸೀಟು ಹಿಡಿಯುವ ಅಗಲ ಆಸಾಮಿಗಳು. ಕಾರ್ಡು ಸಿಕ್ಕಿಸುವ ತಮ್ಮ ಸ್ಲಾಟಿನಲ್ಲಿ ಕೂತು ಪಕ್ಕದ ಸ್ಲಾಟಿನ ಮೇಲೆ ಹೊಟ್ಟೆ ಇಳಿಬಿಟ್ಟಿದ್ದರು.

ನಮ್ಮ ಊಟದ ಪಂಕ್ತಿಯಲ್ಲಿ ಹಿರಿಯರು ಮೊದಲು, ಕೊನೆಗೆ ಬಂದವರು ಕೊನೆಗೆ. ಪೆಟ್ಟಿಗೆಯೊಳಗೂ ಅದೇ ಪದ್ಧತಿ: ಹಿರಿಯಣ್ಣ ಮೇಲೆ, ಕಿರಿಯಣ್ಣ ತಳದಲ್ಲಿ. ಹಾಗಾಗಿ ಜಟ್ಟಪ್ಪ ದನಿತಂಗಿಯನ್ನು ತಳದ ಸ್ಲಾಟಿಗೆ ಒಯ್ದ. ಅಲ್ಲಿ ಕಿರಿಯಣ್ಣನ ಮೈ ಅಡ್ಡ. ಕಿರಿಯಣ್ಣನನ್ನು ಸ್ವಲ್ಪ ಹೊತ್ತು ಎಬ್ಬಿಸೋಣವೆಂದರೆ ಊರಿನ ಯಜಮಾನಿ ಕಾಮಾಕ್ಷಕ್ಕ ಒಪ್ಪಲಿಲ್ಲ. ಪೆಟ್ಟಿಗೆ ಆರಿಸಿ ಹೊತ್ತಿಸುವಷ್ಟು ಹೊತ್ತು ಹಳೆಯ ಲೆಕ್ಕದಲ್ಲೇ ಸುಧಾರಿಸಬಹುದು. ಆದರೆ ಮೂವರಲ್ಲಿ ಒಬ್ಬನನ್ನು ಕಿತ್ತರೆ ಲೆಕ್ಕವೆಲ್ಲ ಮೊದಲಿಂದ, ಅದೂ ಇಂಥ ಗಾಳಿಯಲ್ಲಿ. ಅವಳದು ಕಲ್ಲು ಮನಸ್ಸಲ್ಲ, ಅವಳ ಮೊಮ್ಮಕ್ಕಳೂ ಶಾಲೆಯ ತೆಪ್ಪದಲ್ಲಿದ್ದವು. ಸುದ್ದಿ ತಿಳಿದ ದೊಡ್ಡಮ್ಮ, "ನನ್ನ ಕಿವಿಗೋಸ್ಕರ ಊರಿನ ಕಣ್ಣು ಕೀಳ್ಬೇಡಿ ಮಾರಾಯ್ರೆ" ಎಂದು ಹೇಳಿ, ಮುಖ ಆಚೆ ತಿರುಗಿಸಿಕೊಂಡಳು.

ಆದರೂ ದನಿತಂಗಿಯ ಮುಖವನ್ನಾದರೂ ನೋಡಲಿ ಎಂದು ದೊಡ್ಡಮ್ಮನನ್ನು ಪೆಟ್ಟಿಗೆಮನೆಗೆ ಕರೆದೊಯ್ದೆ. ದೊಡ್ಡಮ್ಮ ಬಹಳ ಹೊತ್ತು ಪೆಟ್ಟಿಗೆಯೊಳಗೆ ಇಣುಕಿದಳು. ಹಿರಿಯಣ್ಣನಿಗಿಂತ ಮೇಲೆ, ಅವನ ಬೆನ್ನ ಕಡೆ, ಒಂದು ಪುಟ್ಟ ಸ್ಲಾಟಿನಲ್ಲಿ ಅಬ್ಬಲಿಗೆ ಹೂವು ಸಿಕ್ಕಿಸಿತ್ತು. ದಿನಾ ಬೆಳಿಗ್ಗೆ ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸುವುದು ಜಟ್ಟಪ್ಪನ ಅಜ್ಜನ ಕಾಲದಿಂದ ಬಂದ ಪದ್ಧತಿ. "ಈ ಹೂವಿನ ಜಾಗ ಎಂತದು?" ಎಂದು ಕೇಳಿದಳು. ಜಟ್ಟಪ್ಪ ತಲೆ ಕೆರೆದುಕೊಂಡು, "ಅದೂ ಸ್ಲಾಟೇ ದೊಡ್ಡಮ್ಮ. ಆದ್ರೆ ಹಿರಿಯಣ್ಣನವರ ತಲೆ ಮೇಲಲ್ದ? ಅಲ್ಲಿ ಯಾರನ್ನ ಕೂರ್ಸೂದು?" ಎಂದ. ನಮ್ಮಲ್ಲಿ ಪಂಕ್ತಿಯ ಮೊದಲಿಗರಿಗಿಂತ ಮೇಲೆ ಯಾರೂ ಕೂರುವುದಿಲ್ಲ. ಆ ಸ್ಲಾಟನ್ನು ಎಲ್ಲರೂ ದಿನಾ ನೋಡುತ್ತಿದ್ದೆವು, ಕೈಮುಗಿಯುತ್ತಲೂ ಇದ್ದೆವು. ಅದು ಜಾಗವೆಂದು ಒಬ್ಬರಿಗೂ ಅನಿಸಿರಲಿಲ್ಲ.

ದೊಡ್ಡಮ್ಮ ಊರಿಗೇ ಹಿರಿಯಳು, ನಮ್ಮ ಪಂಕ್ತಿಯಲ್ಲಿ ಮೊದಲು ಕೂರುವವಳು. "ನನ್ನ ಮೇಲ್ಗಡೆ ಒಂದು ಕೂಸು ಕೂತ್ರೆ ನಾನೇನು ಸವೆದು ಹೋಗ್ತೇನ? ಕೂರ್ಸು ಅದನ್ನ" ಎಂದಳು. ಆ ಮಾತಿಗೆ ಎದುರಾಡುವ ಹಕ್ಕು ಊರಿನಲ್ಲಿ ಯಾರಿಗೂ ಇಲ್ಲ, ಹಿರಿಯಣ್ಣನಿಗಂತೂ ಬಾಯಿಯೇ ಇಲ್ಲ. ಗಾಳಿ ಒಂದು ಉಸಿರು ತಗ್ಗಿದಾಗ ಜಟ್ಟಪ್ಪ ಪೆಟ್ಟಿಗೆ ಆರಿಸಿ, ಹೂವು ತೆಗೆದು, ಧೂಳು ಊದಿ, ದನಿತಂಗಿಯನ್ನು ಒತ್ತಿದ. ಟಕ್ ಎಂದು ಕೂತಳು. ಅಷ್ಟು ಸಣ್ಣ ಜಾಗ ಅವಳಿಗೆ ಅಳತೆ ತೆಗೆದು ಹೊಲಿಸಿದಂತಿತ್ತು.

ಪೆಟ್ಟಿಗೆ ಹೊತ್ತಿಸಿದಾಗ ಮೊದಲು ಬಂದದ್ದು ಗುಂಯ್ ಎಂಬ ಸದ್ದು. ಜಟ್ಟಪ್ಪ "ಹಿರಿಯಣ್ಣನವರ ಗೊರಕೆ" ಎಂದು ತಂತಿಯನ್ನು ಅತ್ತಿತ್ತ ಸರಿಸಿದ. ದೊಡ್ಡಮ್ಮ ಎರಡೂ ಕೈಯಿಂದ ಹೆಡ್‌ಫೋನು ಒತ್ತಿ ಹಿಡಿದಳು. ನಾವು ಪಕ್ಕದ ಸ್ಪೀಕರಿಗೆ ಕಿವಿ ಕೊಟ್ಟೆವು. ಹಾಡು ಇರಬಹುದು, ಆಶೀರ್ವಾದ ಇರಬಹುದು ಎಂದುಕೊಂಡಿದ್ದೆವು. ಬಂದದ್ದು ಮೈಕಿಗೆ ಹೆದರಿದ ಒಬ್ಬ ಹೆಂಗಸಿನ ದನಿ: "ಇದ್ರಲ್ಲಿ ಎಂತ ಮಾತಾಡೂದು? ಮಾಸ್ತೀ, ನಂದು ಕೇಳ್ತದ್ಯನೇ?" ಆಮೇಲೆ ಏನೂ ಇಲ್ಲ. ಅಂದಿನ ಪುಟ್ಟ ಮಾಸ್ತಿ ಬಾಯಲ್ಲಿ ಹೇಳದೆ ಬರೇ ತಲೆಯಾಡಿಸಿರಬೇಕು. ಆ ಖಾಲಿಯೊಳಗೆ ನಮ್ಮ ಮುದುಕಿ ಗಟ್ಟಿಯಾಗಿ, "ಕೇಳ್ತದೆ ಅಮ್ಮಾ" ಎಂದಳು. ಒಡನೆಯೇ ಆ ದನಿ, "ಹಂಗಾರೆ ಸಮ. ಬಾ, ಗಂಜಿ ಆರಿ ಹೋಗ್ತದೆ" ಎಂದಿತು.

ದೊಡ್ಡಮ್ಮನ ಕಿವಿ ಇನ್ನೂ ಪೂರ್ತಿ ಹೋಗಿಲ್ಲ. ದಿನಾ ಬೆಳಿಗ್ಗೆ ಬಂದು ಕೂತು, ಅಮ್ಮನಿಂದ ಕರೆಸಿಕೊಂಡು, ಮನೆಗೆ ಹೋಗಿ ಗಂಜಿ ಕುಡಿಯುತ್ತಾಳೆ.

ನನ್ನನ್ನು ಹಗ್ಗಕ್ಕೆ ಕರೆಯುತ್ತಿದ್ದಾರೆ, ಮುಗಿಸುತ್ತೇನೆ. ಕಣ್ಣಣ್ಣಂದಿರನ್ನು ಎಷ್ಟು ಬೇಕಾದರೂ ಕೊಳ್ಳಿ, ನಿಮ್ಮ ಖುಷಿ. ಅವರು ಮುಂದೆ ನಮಗೆ ಕೆಲಸಕ್ಕೆ ಬರುತ್ತಾರೆ. ದನಿತಂಗಿಯೊಬ್ಬಳನ್ನೂ ಕೂರಿಸಿ. ಕೂರಿಸಿದ ಮೇಲೆ ಮನೆಯವರನ್ನು ಮೈಕಿನ ಮುಂದೆ ಕರೆತನ್ನಿ, ಬಾಯಿಗೆ ಬಂದದ್ದು ಮಾತಾಡಲಿ. ಅವರೇನಾದರೂ ಪ್ರಶ್ನೆ ಕೇಳಿದರೆ ಮಾತ್ರ ದಯವಿಟ್ಟು ತಟ್ಟನೆ ಉತ್ತರಿಸಬೇಡಿ. ತಲೆಯಾಡಿಸಿ ಸುಮ್ಮನಿರಿ. ಉತ್ತರ ಹೇಳುವವರು ಇನ್ನೂ ಹುಟ್ಟಬೇಕಾಗಿರಬಹುದು.

ಇತಿ, ನಿಮ್ಮ ಮರಿಮಕ್ಕಳ ಮರಿಮಗ,
ಕುಪ್ಪಯ್ಯ