ನನ್ನನ್ನು ಯಾರೂ ಹೊತ್ತೊಯ್ಯಲಿಲ್ಲ

ಪ್ರೀತಿಯ ಅಮ್ಮಾ,

ನನ್ನ ಮದುವೆಯಾಯಿತು, ನಾನು ಇಷ್ಟಪಟ್ಟೇ ಆದೆ, ನುರ್ಕೆನ್‌ನಂಥ ಗಂಡ ಇಡೀ ಕಜಕಿಸ್ತಾನದಲ್ಲೇ ಇಲ್ಲ! ಬೇಸಿಗೆಯಲ್ಲಿ ಅಕ್ತೌನ ಕಡಲ ತೀರದಲ್ಲಿ, ಸೊಂಟಕ್ಕೆ ದೊಡ್ಡ ಗಾಳಿಪಟ ಕಟ್ಟಿಕೊಂಡು ಅಲೆಗಳ ಮೇಲೆ ಹಾರುವುದನ್ನು ಜನರಿಗೆ ಕಲಿಸುತ್ತೇವೆ. ಚಳಿ ಬಿದ್ದರೆ ಅದೇ ಗಾಳಿಪಟಗಳನ್ನು ಮರುಭೂಮಿಗೆ ಒಯ್ದು, ಉಪ್ಪುಬಯಲಿನಲ್ಲಿ ಗಾಡಿಗೆ ಕಟ್ಟಿ ಓಡಿಸುತ್ತೇವೆ.

ಹಳೆಯ ಪದ್ಧತಿಯಂತೆ ಹುಡುಗಿಯನ್ನು ಹೊತ್ತೊಯ್ಯುವ ಆಟ ಆಡದಿದ್ದರೆ ಅದೆಂಥ ಮದುವೆ ಎಂದು ಅವನ ಗೆಳೆಯರಿಗೆ ನಾನೇ ಹೇಳಿಕೊಟ್ಟಿದ್ದೆ. ನಮ್ಮ ಬೀದಿಯಲ್ಲಿ ಅವರು ನನ್ನನ್ನು ಕಾರಿಗೆಳೆದಾಗ ಮದುಮಗಳು ಕಿರುಚಬೇಕಲ್ಲ, ಕಿರುಚಿದೆ. ಸಾಬಿತ್ ಅಣ್ಣ ಅದನ್ನು ನಿಜವೆಂದುಕೊಂಡ.

ನಿನ್ನೆ ತೀರಕ್ಕೆ ಬಂದವನೇ, "ಏ ಕಳ್ಳ ನಾಯಿ, ನನ್ ತಂಗಿ ಏನು ದಾರೀಲಿ ಸಿಕ್ಕ ಕುರಿಯೇನೋ?" ಎಂದು ಕಬ್ಬಿಣದ ಸಲಾಕೆಯಿಂದ ನುರ್ಕೆನ್‌ನ ದವಡೆ ಮುರಿದು, ಮುಂದಿನ ಹಲ್ಲುಗಳನ್ನೂ ಉದುರಿಸಿದ. ಬಿದ್ದವನ ಬೆರಳುಗಳನ್ನು ಬೂಟಿನಿಂದ ಜಜ್ಜಿದ.

"ಬಿಡೋ ಅಣ್ಣಾ, ನಾನಾಗೇ ಬಂದಿದ್ದು ಕಣೋ!"

"ಅವನು ಹೆದರಿಸಿ ಹೇಳಿಸ್ತಿದಾನೆ. ಸುಮ್ನಿರೇ ನೀನು!"

ನನ್ನ ಫೋನನ್ನೂ ಒಡೆದ. ನಾನು ಹುಟ್ಟುಗೋಲಿನಿಂದ ಅವನ ತಲೆಗೇ ಹೊಡೆದೆ, ಅಮ್ಮಾ. ರಕ್ತ ಸುರಿಯುತ್ತಿದ್ದರೂ, "ಅಪ್ಪನ ಬಂದೂಕು ತರ್ತೀನಿ" ಎಂದು ಕೂಗುತ್ತಲೇ ಹೋದ.

ನುರ್ಕೆನ್ ಹಲ್ಲಿಲ್ಲದೆಯೂ ಎಷ್ಟು ಚೆನ್ನಾಗಿ ನಗುತ್ತಾನೆ ಗೊತ್ತಾ!

ಪತ್ರ ತಂದವರು ಅವನ ಸೋದರತ್ತೆ, ಹುಡುಗಿಯನ್ನು ಹೊತ್ತೊಯ್ದದ್ದಕ್ಕೆ ಪದ್ಧತಿಯಂತೆ ಗಂಡಿನ ಕಡೆಯಿಂದ ಕ್ಷಮೆ ಕೇಳಲು ಬಂದಿದ್ದಾರೆ, ಚಹಾ ಕೊಡು. ಬಂದೂಕಿನ ಬೀರುವಿನ ಕೀಲಿ ನಿನ್ನ ಬಳಿಯೇ ಇರಲಿ. ಗಂಡ ಪಕ್ಕದಲ್ಲಿದ್ದರೆ ಅಣ್ಣ ನನ್ನ ಮಾತು ನಂಬುವುದಿಲ್ಲ, ಅದಕ್ಕೇ ಒಬ್ಬಳೇ ಬರುತ್ತೇನೆ. ಸ್ಟೇಷನ್ನಿಗೆ ಅಣ್ಣನನ್ನೇ ಕಳಿಸು, ಬರಿಗೈಯಲ್ಲಿ. ಭಾನುವಾರ ಬೆಳಿಗ್ಗೆ, ಅಕ್ತೋಬೆಗೆ ಬರುವ ಮಂಗಿಸ್ತೌ ರೈಲು.

ನಿನ್ನ ಮುದ್ದಿನ
ಅಕ್ಬೋಟಾ