ಯಾರೂ ಕೂಗದ ಒನ್ಸ್ ಮೋರ್

ಚಿತ್ರದುರ್ಗ
18-3-1974

ನನ್ನ ಪ್ರೀತಿಯ ತಂಗಿ ಮಲ್ಲಕ್ಕನಿಗೆ,

ರಂಗಕ್ಕ ಮಾಡುವ ಆಶೀರ್ವಾದ. ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ; ಉಳಿದದ್ದನ್ನು ಓದಿ ನೀನೇ ತಿಳಿದುಕೋ. ನಿನ್ನ ಎರಡು ಕಾಗದ ಬಂದು ಗೋಡೆಯ ಗೂಡಿನಲ್ಲಿ ಕೂತಿವೆ. ಅಕ್ಕನಿಗೆ ಸೊಕ್ಕು ಬಂದಿದೆ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ಹೊಳಲ್ಕೆರೆಯಲ್ಲಿ ಕೂತು ಬೈದರೆ ನನಗೇನು ಕೇಳಿಸುತ್ತದೆಯೇ. ಮಂಡಿನೋವಿಗೆ ಎಕ್ಕದ ಎಲೆ ಬಿಸಿಮಾಡಿ ಕಟ್ಟು ಎಂದು ಹೋದ ಸಲವೇ ಹೇಳಿದ್ದೆ. ಕಟ್ಟಿರುವುದಿಲ್ಲ, ನಿನ್ನ ಹಟ ನನಗೆ ಗೊತ್ತಿಲ್ಲವೇ.

ಯುಗಾದಿ ಬಂತು, ಗೋಡೆಗೆ ಸುಣ್ಣ ಆಗಬೇಕು, ಕೈಯೇ ಏಳುತ್ತಿಲ್ಲ. ನಿಮ್ಮ ಭಾವ ಮತ್ತೆ ಬಣ್ಣ ಹಚ್ಚಿದ ಸುದ್ದಿ ನಿನ್ನ ಕಿವಿಗೂ ಬಿದ್ದಿದೆ ಎಂದು ಬರೆದಿದ್ದೀಯ. ಕಂಡವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು.

ಅವರು ನಾಟಕ ಬಿಟ್ಟು ವರ್ಷಗಳಾಗಿದ್ದವು. ದೀಪಾವಳಿಯಲ್ಲಿ ಎದೆ ಹಿಡಿದುಕೊಂಡು ಕುಸಿದ ಮೇಲಂತೂ ಆ ಮಾತೇ ಇರಲಿಲ್ಲ. ಆದರೆ ಹೊಸದುರ್ಗದಲ್ಲಿ ಕಂಪನಿಯೊಂದು ಕ್ಯಾಂಪ್ ಹಾಕಿತು ನೋಡು, ಶುರುವಾಯಿತು. ಅಲ್ಲಿ ಸೈಕಲ್ ಶಾಪ್ ಇಟ್ಟಿರುವ ದಿಲಾವರ್ ಗೊತ್ತಲ್ಲ, ಮೀಸೆ ಚಿಗುರುವ ಮೊದಲೇ ಇವರ ನಾಟಕದ ಹುಚ್ಚು ಹತ್ತಿಸಿಕೊಂಡವನು, ಈಗ ಮೊಮ್ಮಗನನ್ನು ಎತ್ತಿಕೊಂಡು ಓಡಾಡುತ್ತಾನೆ. ಅವನೇ ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೆ ಬಂದ. "ಕಣ್ಣು ಮಂಜಾಗಾಕೆ ಮುಂಚೆ ಇನ್ನೊಂದ್ಸಲ ನಿಮ್ಮ ನಾಯಕನ ಪಾರ್ಟು ನೋಡ್ಬೇಕ್ರಿ ಅಣ್ಣಾರೆ. ಊರೂರೇ ಕಾಯ್ತಾ ಐತೆ" ಎಂದ. ನಿಮ್ಮ ಭಾವನಿಗೆ ಇನ್ನೇನು ಬೇಕು? ಕುಣಿಯುವವಳ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು.

ನಾನು ಡಾಕ್ಟರ ಹತ್ತಿರ ಓಡಿದೆ. "ಪಾರ್ಟು ಬೇಕಾದ್ರೆ ಮಾಡ್ಲಿ ಅಮ್ಮ. ಆ ಸಾಯೋ ಹಾಡು ಒಂದು ಸಲಕ್ಕೆ ತಡ್ಕೊಂತಾರೆ. ಮತ್ತೆ ಮತ್ತೆ ಹಾಡಿದ್ರೆ ಅವರ ಜೀವಕ್ಕೆ ನಾನು ಗ್ಯಾರಂಟಿ ಕೊಡಲ್ಲ" ಎಂದರು. ಆ ಹಾಡಿನ ಹಣೆಬರಹ ನಿನಗೆ ಗೊತ್ತು. ನಾಯಕ ಕೋಟೆ ಬಾಗಿಲಲ್ಲಿ ಚೂರಿಯ ಏಟು ತಿಂದು, ಹಾಡುತ್ತಾ ಪ್ರಾಣ ಬಿಡಬೇಕು. ಜನ "ಒನ್ಸ್ ಮೋರ್" ಎಂದು ಕೂಗಿದರೆ ಸತ್ತವನು ಎದ್ದು ಕೂತು ಮತ್ತೆ ಹಾಡಿ ಮತ್ತೆ ಸಾಯಬೇಕು. ಹಿರಿಯೂರಿನಲ್ಲಿ ಒಮ್ಮೆ ಐದು ಸಲ ಸತ್ತಿದ್ದರು ಮಹಾರಾಯರು. ಮೊದಲ ಕೂಗು ಯಾವತ್ತೂ ದಿಲಾವರನದೇ, ಮಿಕ್ಕವರು ಅವನ ಹಿಂದೆ.

ಅದಕ್ಕೇ ಅವನನ್ನು ಹಿತ್ತಲಿಗೆ ಕರೆದೆ. "ನೋಡಪ್ಪ, ನಿಮ್ಮಣ್ಣ ಉಳೀಬೇಕು ಅಂದ್ರೆ ಅವತ್ತು ಒಂದು ಬಾಯೂ ಒನ್ಸ್ ಮೋರ್ ಅನ್ನಬಾರದು" ಎಂದೆ. ಅವನ ಮುಖ ಸಣ್ಣಗಾಯಿತು. "ಊಟಕ್ಕೆ ಕರ್ದು ಬಾಯಿ ಕಟ್ಟಿದಂಗಾತಲ್ರಿ ಅಕ್ಕಾರೆ" ಎಂದ. ಆಮೇಲೆ ಜನರನ್ನೆಲ್ಲ ತಾನೇ ಒಪ್ಪಿಸುತ್ತೇನೆ ಎಂದು ತಲೆಯ ಮೇಲೆ ಕೈ ಇಟ್ಟುಕೊಂಡು ಆಣೆ ಮಾಡಿದ. "ಅವರಿಗೆ ಮಾತ್ರ ಗೊತ್ತಾಗಬಾರದು" ಎಂದೆ.

ಭಾನುವಾರದ ಹಗಲಾಟ. ಜಿಂಕ್ ಶೀಟಿನ ಥಿಯೇಟರು ಕಾದ ಹಂಚಾಗಿತ್ತು, ಆದರೂ ಇರುವೆ ನುಸುಳಲು ಜಾಗವಿರಲಿಲ್ಲ. ಬಾಗೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು, ಹಿರೇಗುಂಟನೂರಿನವರು ಲಾರಿಯಲ್ಲಿ ನಿಂತುಕೊಂಡೇ ಬಂದಿದ್ದರು. ಹಲ್ಲಿಲ್ಲದ ಅಜ್ಜಂದಿರು ಬಣ್ಣದ ಮನೆಗೆ ನುಗ್ಗಿ ಇವರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಎಂದಿನಂತೆ ಪರದೆಯ ಮಗ್ಗುಲಲ್ಲಿ ಬಿಸಿನೀರಿನ ತಂಬಿಗೆ ಹಿಡಿದು ನಿಂತೆ.

ಹಾಡು ಬಂತು. ಹೇಗೆ ಹಾಡಿದರು ಅಂತೀಯ! ಗಂಟಲು ಒಡೆದಿತ್ತು, ನಿಜ, ಆದರೆ ಆ ಒಡಕಲ್ಲೇ ಕರುಳು ಕಿವುಚಿಬಿಟ್ಟರು. ತಲೆ ವಾಲಿಸಿ ಪ್ರಾಣ ಬಿಟ್ಟರು. ಥಿಯೇಟರಿನಲ್ಲಿ ಪಿಟ್ ಎನ್ನುವ ಸದ್ದಿಲ್ಲ. ದಿಲಾವರ್ ರಂಗಕ್ಕೆ ಬೆನ್ನು ಹಾಕಿ, ಜನರ ಕಡೆ ತಿರುಗಿ, ಎರಡೂ ಕೈ ಎತ್ತಿ ನಿಂತಿದ್ದ. ಹಿಂದೆ ಯಾವನೋ "ಒನ್" ಅನ್ನುವಷ್ಟರಲ್ಲಿ ಪಕ್ಕದವರು ಅವನ ಬಾಯಿ ಅದುಮಿದರು. ಪರದೆಯ ಹಗ್ಗ ಹಿಡಿದ ಬೋರಪ್ಪ ಎಳೆಯಲೋ ಬೇಡವೋ ಎಂದು ನನ್ನ ಮುಖ ನೋಡಿದ. ಎಳೆ ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಇವರು ಎದ್ದು ಕೂತರು.

"ಏನಂದ್ರಿ? ಒನ್ಸ್ ಮೋರ್ ಅಂದ್ರಾ? ಆಗ್ಲಿ ಬಿಡ್ರಿ" ಎಂದರು.

ಯಾರೂ ಅಂದಿರಲಿಲ್ಲ ಮಲ್ಲಿ. ಯಾರೂ ಅಂದಿರಲಿಲ್ಲ. ಹಾರ್ಮೋನಿಯಂನವನು ದಿಕ್ಕುತೋಚದೆ ಶ್ರುತಿ ಹಿಡಿದ. ಮತ್ತೆ ಮೊದಲಿಂದ ಹಾಡಿದರು. ಮೇಲಕ್ಕೆ ಹೋದಲ್ಲಿ ದನಿ ಕೈಕೊಟ್ಟಿತು, ಬರೀ ತುಟಿ ಆಡುತ್ತಿತ್ತು. ಜನ ಬಾಯಿಗೆ ಟವೆಲ್ಲು ತುರುಕಿಕೊಂಡು ಅಳುತ್ತಿದ್ದರೇ ಹೊರತು ಒಬ್ಬನೂ ಕೊಟ್ಟ ಮಾತು ಮುರಿಯಲಿಲ್ಲ. ನಾನೇ ಹೋಗಿ ಬೋರಪ್ಪನ ಕೈಯಿಂದ ಹಗ್ಗ ಕಿತ್ತು ಪರದೆ ಬಿಟ್ಟೆ.

ಒಳಗೆ ಬಂದು ತಾವೇ ಮೀಸೆ ಬಿಚ್ಚಿದರು. "ಹೋಗಾಣ ನಡಿ. ಜನಕ್ಕೆ ನಾನು ಸಾಕಾಗೀನಿ" ಎಂದರು, ಅಷ್ಟೇ. ಅವತ್ತಿನಿಂದ ಮೂಲೆ ಹಿಡಿದಿದ್ದಾರೆ. ಹೋಟ್ಲಿಗೆ ಹೋಗುವುದಿಲ್ಲ, ಒಂದು ರಾಗ ಗುನುಗುವುದಿಲ್ಲ, ಅನ್ನ ಕಲಸಿ ಹಾಗೇ ಬಿಡುತ್ತಾರೆ. ಡಾಕ್ಟರು ನಾಡಿ ಹಿಡಿದು "ಎದೆ ಚೆನ್ನಾಗೈತೆ ಅಮ್ಮ" ಎಂದು ಖುಷಿಪಟ್ಟರು.

ದಿಲಾವರ್ ಎರಡು ಸಲ ಬಂದ. ಇವರು ಹೊರಗೆ ಬರಲಿಲ್ಲ. "ನಿಜ ಹೇಳ್ಬಿಡ್ರಿ ಅಕ್ಕಾರೆ. ಬೇಕಾದ್ರೆ ತಪ್ಪು ನನ್ ಮೇಲೆ ಹಾಕ್ರಿ" ಎಂದು ಕಣ್ಣು ಒರೆಸಿಕೊಂಡ. ಹೇಗೆ ಹೇಳಲಿ? ಹಿರಿಯೂರಿನ ಕಂಪನಿಯವರು ಬಾ ಬಾ ಎಂದು ಹೇಳಿ ಕಳಿಸುತ್ತಲೇ ಇದ್ದಾರೆ. ಜನಕ್ಕೆ ಇನ್ನೂ ತಾನು ಬೇಕು ಎಂದು ಗೊತ್ತಾದರೆ ನಿಂತ ಕಾಲಲ್ಲಿ ಹೊರಡುತ್ತಾರೆ, ಅಲ್ಲಿ ಜನರ ಬಾಯಿ ಮುಚ್ಚಿಸಲು ದಿಲಾವರ್ ಇರುವುದಿಲ್ಲ. ಹೇಳದಿದ್ದರೆ ಹೀಗೇ ಕಣ್ಣೆದುರಿಗೆ ಕರಗಿ ಹೋಗುತ್ತಾರೆ. ನೀನಾದರೆ ಏನು ಮಾಡುತ್ತಿದ್ದೆ? ಚಿಕ್ಕವಳಾದರೂ ಬುದ್ಧಿಯಲ್ಲಿ ದೊಡ್ಡವಳು, ಒಂದು ಮಾತು ಬರೆ.

ಮಕ್ಕಳಿಗೆ ನನ್ನ ಮುತ್ತು ಕೊಡು. ನಿನ್ನ ಮನೆ ತಣ್ಣಗಿರಲಿ, ಬೇವಿಗಿಂತ ಬೆಲ್ಲವೇ ಹೆಚ್ಚಾಗಿ ಸಿಗಲಿ.

ಇಂತಿ ನಿನ್ನ ಅಕ್ಕ,
ರಂಗಕ್ಕ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ನಡೆದದ್ದು. ಕಾಗದ ಮಡಿಚುತ್ತಿದ್ದೆ. ಬಚ್ಚಲಿನಲ್ಲಿ ಅವರು ಆ ಹಾಡು ಗುನುಗುವುದು ಕೇಳಿಸಿತು. ಮುಗಿಸಿ ಸುಮ್ಮನಾದರು. ಆ ಸುಮ್ಮನಿರುವುದನ್ನು ತಡೆಯಲಾಗದೆ ನಾನೇ "ಒನ್ಸ್ ಮೋರ್" ಅಂದುಬಿಟ್ಟೆ. ಒದ್ದೆ ಮೈಯಲ್ಲೇ ಹೊರಗೆ ಬಂದು ನನ್ನನ್ನೇ ನೋಡಿದರು. "ಮದ್ವೆ ಆಗಿ ಇಷ್ಟು ವರ್ಷ ಆತು. ಒಂದು ದಿನಾನೂ ನಿನ್ ಬಾಯಾಗೆ ಈ ಮಾತು ಬಂದಿಲ್ಲ. ದಿಲಾವರನ ಬಾಯಿ ಕಟ್ಟಿದೋಳು ನೀನೇ ಏನು?" ಎಂದರು. ಹೌದು ಎಂದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ ಮಲ್ಲಿ, ಮುಖ ಅರಳಿತು. ಈಗ ಹಾಡಿಕೊಳ್ಳುತ್ತಾ ಹಿರಿಯೂರಿಗೆ ಪೆಟ್ಟಿಗೆ ತುಂಬುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಇದೇ ಮೊದಲು, ನೀನೂ ಹೊರಡು ಅಂತ ನನಗೆ ಹೇಳಲಿಲ್ಲ.