ಸೇತುವೆಯ ಮೇಲೆ ಕೈ ಹಿಡಿದವನು

ಅಕ್ಕಾ,

ನಡುಸೇತುವೆಯಲ್ಲಿ ಹೆದರಿ ಬಸ್ಸು ಬಿಟ್ಟು ಓಡಿದ ಈ ನಿನ್ನ ಡ್ರೈವರ್ ತಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಸೇತುವೆಯೇ ಮದ್ದು. ಸೇತುವೆ ಮೇಲೆ ಹೋಗಿ ನಿಲ್ಲಬೇಕು, ಭಯ ತಾನಾಗಿ ಇಳಿಯುವವರೆಗೆ ಅಲ್ಲಿಂದ ಕದಲಬಾರದು ಎಂದಿದ್ದಾರೆ ಡಾಕ್ಟರಮ್ಮ.

ಇವತ್ತು ಹೋಗಿ ನಿಂತೆ. ಎದೆ ಡವಡವ, ಉಸಿರು ಸಿಗದು. ಕಂಬಿಗೆ ಆತುಕೊಂಡೆ. ಹಾಲಿನವನೊಬ್ಬ ಸೈಕಲ್ ಬಿಸಾಕಿ ಓಡಿಬಂದು ನನ್ನ ಕೈ ಹಿಡಿದ.

“ಹಾರ್‍ಬೇಡಣ್ಣಾ! ಮನೇಲಿ ಯಾರೂ ಇಲ್ವಾ?”

“ಅಕ್ಕ ಇದಾಳಪ್ಪಾ. ಹಾರೋಕೆ ಬಂದಿಲ್ಲ.”

ಅವನು ನಂಬಲಿಲ್ಲ. ನನ್ನ ನಡುಕ ನಿಲ್ಲುವವರೆಗೂ ಕೈ ಬಿಡಲಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ, “ಯಾರೋ ಹಿಡ್ಕೊಂಡಿದ್ರೆ ಅದು ಲೆಕ್ಕಕ್ಕಿಲ್ಲ, ನೀವೊಬ್ರೇ ನಿಲ್ಬೇಕು” ಎಂದುಬಿಟ್ಟರು.

ಊಟ ಸೇರುತ್ತಿದೆ, ನಿದ್ದೆ ಅಷ್ಟಕ್ಕಷ್ಟೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹಾಲಿನವನು ಬರುವ ಹೊತ್ತು ತಪ್ಪಿಸಿ ನಾಳೆ ಮತ್ತೆ ಹೋಗಬೇಕಂತೆ. ಅವನು ಬಂದರೆ ಸಾಕು ಅನ್ನಿಸುತ್ತಿದೆ ನನಗೆ.

ನಿನ್ನ ತಮ್ಮ